ಅಂಗಳಕ್ಕೆ ಫರ್ಸಿ ಹಾಸುವ ಮುನ್ನ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಆಡಿದಾಗ ಅಂಗಳದ ವಿಚಾರ ಬರುತ್ತದೆ. ಫರ್ಸಿಯೋ, ಸಿಮೆಂಟ್ ಬ್ಲಾಕೋ, ಇಡೀ ಕಾಂಕ್ರೀಟೋ ಎಂದು ಮನೆಮಂದಿಯೆಲ್ಲ ಚರ್ಚೆ ಮಾಡುತ್ತೀರಿ. ಕೆಳಗಿನ ಮಣ್ಣು ಎಂಥದು ಎಂದು ಯಾರೂ ಕೇಳುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಎರೆಮಣ್ಣು ಬಹಳ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಎಷ್ಟು ಬೆಲೆಯ ಕಲ್ಲು ಹಾಸಿದರೂ ಏರುಪೇರಾಗುತ್ತದೆ. ಆಗ ಗೌಂಡಿಯನ್ನು ಬೈದು ಫಲವಿಲ್ಲ. ಮೊದಲು 9 ಇಂಚು ಎರೆಮಣ್ಣು ತೆಗೆದು ಹೊಲಕ್ಕೆ ಹಾಕಿರಿ. 6 ಇಂಚು ಮುರುಮು, ಒಂದೂವರೆ ಇಂಚು ಉಸುಕು, ಒಂದೂವರೆ ಇಂಚಿನ ಫರ್ಸಿ, ಲೆಕ್ಕ ಸರಿಹೋಯಿತು. ಮುರುಮನ್ನು ಒಮ್ಮೆಲೇ ಸುರಿಯದೆ, ಎರಡು ಪದರ ಮಾಡಿ, ನೀರು ಚಿಮುಕಿಸಿ, ಧಮ್ಮಸು ಹಾಕಿ ಬಡಿಯಬೇಕು. 20 ಅಡಿಗೆ 10 ಅಡಿ ಅಂಗಳಕ್ಕೆ 100 ಘನ ಅಡಿ, ಅಂದರೆ ಒಂದು ಬ್ರಾಸ್. ಬಡಿದಾಗ ಕುಗ್ಗುವುದರಿಂದ ಒಂದೂಕಾಲು ಬ್ರಾಸ್ ತರಿಸಿರಿ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನ ಚಟ, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ.

ಇನ್ನು ಕಲ್ಲು. ನಮ್ಮ ನೆಲದ ಕರಿಕಲ್ಲು ಜ್ವಾಲಾಮುಖಿಯ ಲಾವಾದಿಂದ ಆದದ್ದು. ಗಟ್ಟಿ, ಆದರೆ ಹಾಳೆಯಂತೆ ಸೀಳುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲು ಪದರ ಪದರವಾಗಿ ಏಳುತ್ತದೆ. ನಮ್ಮದೇ ರೈಲು ಮಾರ್ಗದ ಊರು ಅದು. ಮರಾಠಿ ಮನೆಗಳಲ್ಲೂ ಇದು 'ಶಹಾಬಾದಿ ಫರಶಿ'ಯೇ. ಅಂಗಳಕ್ಕೆ ಪಾಲಿಶ್ ಮಾಡಿದ್ದು ಬೇಡ, ಮಳೆಯಲ್ಲಿ ಮುದುಕರು ಜಾರುತ್ತಾರೆ. ಒರಟಾದದ್ದನ್ನೇ ಆರಿಸಿ, ಬೆರಳ ಗಂಟಿನಿಂದ ತಟ್ಟಿರಿ. ಬೋದು ಸಪ್ಪಳ ಬಂದರೆ ಪದರ ಬಿಟ್ಟಿದೆ ಎಂದರ್ಥ. ಇದು ಸುಣ್ಣದ ಕಲ್ಲು, ಆ್ಯಸಿಡ್ ಹಾಕಿ ತೊಳೆದರೆ ಮೈ ಸುಟ್ಟುಹೋಗುತ್ತದೆ. ಟ್ರ್ಯಾಕ್ಟರ್ ನಿಲ್ಲುವ ಜಾಗಕ್ಕೆ ಮಾತ್ರ 80 ಮಿಲಿಮೀಟರ್ ದಪ್ಪದ ಬ್ಲಾಕ್ ಒಳ್ಳೆಯದು.

ಸಂದುಗಳಿಗೆ ಸಿಮೆಂಟ್ ತುಂಬಬೇಡಿ. ಅರ್ಧ ಇಂಚು ಬಿಟ್ಟು ಉಸುಕು ತುಂಬಿದರೆ ಸ್ವಲ್ಪ ನೀರು ಇಂಗುತ್ತದೆ. ಮುಂದೆ ಒಂದು ಕಲ್ಲು ಕುಸಿದರೂ ಎತ್ತಿ ಮತ್ತೆ ಕೂರಿಸಬಹುದು. ಗೋಡೆಯಿಂದ ಹೊರಗೆ ಪ್ರತಿ 4 ಅಡಿಗೆ 1 ಇಂಚು ಇಳಿಜಾರು ಕೊಡಿ. ನೀರು ಪಾಯದ ಬದಿಗೆ ನಿಂತರೆ ಕೆಳಗಿನ ಎರೆಮಣ್ಣು ಉಬ್ಬಿ ಗೋಡೆಯೇ ಸೀಳುತ್ತದೆ. ಅಂಗಳ ಮಾಡಲು ಹೋಗಿ ಮನೆ ಕೆಡಿಸಿಕೊಂಡಂತೆ.

ಇಡೀ ಅಂಗಳ ಮುಚ್ಚಲೇಬೇಕೆಂದಿಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಕಾಂಕ್ರೀಟಿನ ಮೇಲೆ ರಾತ್ರಿ ಹೊರಸು ಹಾಕಿ ಮಲಗಿ ನೋಡಿರಿ. ಬೇವಿನ ಗಿಡದ ಸುತ್ತ 3 ಅಡಿ, ತುಳಸಿಕಟ್ಟೆಯ ಮುಂದೆ ರಂಗೋಲಿಗಷ್ಟು ಜಾಗ, ಸೆಗಣಿ ಸಾರಿಸುವ ಮಣ್ಣಿನ ನೆಲವಾಗಿಯೇ ಇರಲಿ.