ಬೋಗಿಯ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ

ರೈಲಿನಲ್ಲಿ ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಬರುವವರು ಮಂಕಿಯಲ್ಲೋ ಹೊನ್ನಾವರದಲ್ಲೋ ಇಳಿದು ಬಸ್ಸು, ರಿಕ್ಷಾ ಹಿಡಿಯಬೇಕು. ಚೌತಿಗೆ, ಸಂಕಷ್ಟಿಗೆ ಬರುವವರಲ್ಲಿ ಮಂಡಿನೋವಿನ ಹಿರಿಯರಿರುತ್ತಾರೆ, ಮಗುವನ್ನು ಎತ್ತಿಕೊಂಡ ತಾಯಂದಿರಿರುತ್ತಾರೆ. ರಾತ್ರಿಯಿಡೀ ಕೂತು ಬಂದದ್ದಕ್ಕಿಂತ ಬಾಗಿಲಿನಿಂದ ನೆಲಕ್ಕೆ ಕಾಲೂರುವ ಆ ಒಂದು ಗಳಿಗೆಯೇ ಅವರಿಗೆ ಕಷ್ಟ. ರೈಲು ನಿಲ್ಲುವುದೂ ತುಸು ಹೊತ್ತು ಮಾತ್ರ.

ರೈಲ್ವೆಯಲ್ಲಿ ಎತ್ತರದ ಲೆಕ್ಕವೆಲ್ಲ ಹಳಿಯ ಮೇಲ್ಮೈಯಿಂದ ಶುರು. ಎತ್ತರದ ಪ್ಲಾಟ್‌ಫಾರ್ಮ್ ಅಲ್ಲಿಂದ 760ರಿಂದ 840 ಮಿ.ಮೀ. ಇರಬೇಕು, ತಗ್ಗಿನದು ಹೆಚ್ಚೆಂದರೆ 455 ಮಿ.ಮೀ. ಕೆಲವು ಚಿಕ್ಕ ಸ್ಟೇಷನ್ನುಗಳಲ್ಲಿ ಹಳಿಯ ಮಟ್ಟದ ನೆಲವೇ ಪ್ಲಾಟ್‌ಫಾರ್ಮ್. ಬೋಗಿಯ ನೆಲವಾದರೋ ಸುಮಾರು 1,300 ಮಿ.ಮೀ. ಮೇಲಿರುತ್ತದೆ. ಅಂದರೆ ಅತಿ ಎತ್ತರದ ಪ್ಲಾಟ್‌ಫಾರ್ಮಿನಲ್ಲೂ ಒಂದೂವರೆ ಅಡಿ ಹತ್ತಬೇಕು. ತಗ್ಗಿನದರಲ್ಲಿ ಅದು ಎರಡೂಮುಕ್ಕಾಲು ಅಡಿಗೂ ಹೆಚ್ಚು. ನಮ್ಮಲ್ಲಿ ಎಲ್ಲರೂ ‘ಸಂದಿ’ಯ ಬಗ್ಗೆ ಮಾತಾಡುತ್ತಾರೆ. ಹಿರಿಯರ ಕಾಲಿಗೆ ಮೊದಲ ಶತ್ರು ಈ ಎತ್ತರ ಎಂದೇ ನನಗನ್ನಿಸುತ್ತದೆ.

ಸಂದಿಯ ಲೆಕ್ಕ ಬೇರೆ. ಎತ್ತರದ ಪ್ಲಾಟ್‌ಫಾರ್ಮಿನ ಅಂಚು ಹಳಿಗಳ ನಡುಗೆರೆಯಿಂದ 1,670ರಿಂದ 1,680 ಮಿ.ಮೀ. ದೂರದಲ್ಲಿರಬೇಕೆಂಬುದು ನಿಯಮ. ಬೋಗಿಯ ಅಗಲ ಸುಮಾರು 3,240 ಮಿ.ಮೀ., ಅದರರ್ಧ 1,620. ಹಾಗಾಗಿ ಬೋಗಿಯ ಮೈಗೂ ಅಂಚಿಗೂ ಐದಾರು ಸೆಂಟಿಮೀಟರಷ್ಟೇ ಅಂತರ. ಆದರೆ ಬಾಗಿಲಲ್ಲಿ ಮೆಟ್ಟಿಲು ಮೈಯಿಂದ ಒಳಗೆ ಸರಿದಿರುತ್ತದೆ, ಸಂದಿ ದೊಡ್ಡದಾಗುವುದು ಅಲ್ಲೇ. ಚಲಿಸುವ ರೈಲಿಗೆ ಹತ್ತಲು ಹೋಗಿ ಜಾರಿದವರ ಕಾಲು ಸಿಕ್ಕುವುದೂ ಅಲ್ಲೇ.

ತಿರುವಿನಲ್ಲಿ ಈ ಸಂದಿ ಇನ್ನೂ ಹಿಗ್ಗುತ್ತದೆ. ಎಲ್‌ಎಚ್‌ಬಿ ಎಂಬ ಹೊಸ ಬಗೆಯ ಬೋಗಿ 23 ಮೀಟರಿಗೂ ಉದ್ದ. ಹಳಿ ಬಾಗಿದರೂ ಬೋಗಿ ಬಾಗುವುದಿಲ್ಲ. 875 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದರ ನಡುಭಾಗ ಸುಮಾರು 3 ಸೆಂ.ಮೀ. ಒಳಕ್ಕೆ ಸರಿದರೆ ಎರಡೂ ತುದಿಗಳು ನಾಲ್ಕೂವರೆ ಸೆಂ.ಮೀ.ಯಷ್ಟು ಹೊರಚಾಚುತ್ತವೆ. ಬಾಗಿಲಿರುವುದು ತುದಿಗಳಲ್ಲೇ, ಹಾಗಾಗಿ ತಿರುವಿನ ಒಳಬದಿಯ ಪ್ಲಾಟ್‌ಫಾರ್ಮಿನಿಂದ ಅದು ದೂರ ಸರಿಯುತ್ತದೆ. ಸ್ಟೇಷನ್ನಿಗೆ ನೇರವಾದ ಜಾಗವನ್ನೇ ಹುಡುಕುವುದಕ್ಕೆ ಇದೂ ಒಂದು ಕಾರಣ.

ಹಾಗಿದ್ದರೆ ಪ್ಲಾಟ್‌ಫಾರ್ಮನ್ನು ಬೋಗಿಯ ನೆಲದ ಮಟ್ಟಕ್ಕೇ ಎತ್ತಬಾರದೇ? ಬೆಂಗಳೂರಿನ ಮೆಟ್ರೊದಲ್ಲಿ ಹಾಗೇ ಇದೆ. ಅಲ್ಲಿ ಓಡುವುದು ಒಂದೇ ಬಗೆಯ ರೈಲು. ಕೊಂಕಣ ರೈಲ್ವೆಯ ಹಳಿಯ ಮೇಲೆ ಪ್ಯಾಸೆಂಜರ್, ರಾಜಧಾನಿ, ಗೂಡ್ಸ್, ಲಾರಿಗಳನ್ನೇ ಹೊತ್ತೊಯ್ಯುವ ರೋ-ರೋ ಎಲ್ಲವೂ ಸಾಗುತ್ತವೆ. ವೇಗದಲ್ಲಿ ಓಲಾಡುವ ವ್ಯಾಗನ್ನಿಗೆ, ಅಗಲದ ಸರಕಿಗೆ ಅಂಚು ತಾಗಬಾರದು. ಮುಂಬೈಯ ಲೋಕಲ್ ಮಾರ್ಗಗಳಲ್ಲಿ ಮಾತ್ರ, 2014ರಲ್ಲಿ ಘಾಟ್ಕೋಪರಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡ ಮೇಲೆ, ಹೈಕೋರ್ಟಿನ ಒತ್ತಡದಿಂದ ಪ್ಲಾಟ್‌ಫಾರ್ಮುಗಳನ್ನು 900 ಮಿ.ಮೀ.ವರೆಗೆ ಎತ್ತರಿಸಿದರು.

ಒಮ್ಮೆ ಸರಿಯಾಗಿ ಕಟ್ಟಿದ ಪ್ಲಾಟ್‌ಫಾರ್ಮೂ ಕಾಲ ಕಳೆದಂತೆ ತಗ್ಗಾಗುತ್ತದೆ. ಅದು ಕುಸಿಯುವುದಲ್ಲ, ಹಳಿ ಏರುವುದು. ರೈಲಿನ ಭಾರಕ್ಕೆ ಜಲ್ಲಿ ಪುಡಿಯಾಗುತ್ತದೆ, ಮಳೆನೀರು ಮಣ್ಣನ್ನು ತಂದು ತುಂಬುತ್ತದೆ. ಹೊಸ ಜಲ್ಲಿ ಸುರಿದು ಯಂತ್ರದಿಂದ ಹಳಿಯನ್ನು ಎತ್ತಿ ಅದುಮಿದಾಗಲೆಲ್ಲ ಮಟ್ಟ ತುಸು ಮೇಲೇರುತ್ತದೆ. ಆಮೇಲೆ ಪ್ಲಾಟ್‌ಫಾರ್ಮನ್ನು ಎತ್ತರಿಸಲು ಹೊರಟರೆ ಸ್ಟೇಷನ್ ಕಟ್ಟಡದ ನೆಲ ಕೆಳಗೆ ಉಳಿಯುತ್ತದೆ, ಮಳೆಗಾಲದಲ್ಲಿ ನೀರು ಟಿಕೆಟ್ ಕೌಂಟರಿನತ್ತ ಹರಿಯುತ್ತದೆ. ಚರಂಡಿ, ಮಾಡಿನ ಕಂಬ, ಶೌಚಾಲಯದ ಬಾಗಿಲು ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಖರ್ಚಿನ ಕೆಲಸ ನಿಜ. ಆದರೆ ಹೊನ್ನಾವರದ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಿದ ಮಾರ್ಗ ಇದು. ಚಿಕ್ಕ ಸ್ಟೇಷನ್ನಿಗೂ ಎತ್ತರದ ಪ್ಲಾಟ್‌ಫಾರ್ಮ್ ಕೇಳುವುದು ಅತಿಯಾಸೆಯಲ್ಲ.

ಇನ್ನೊಂದು ದಾರಿ ಎಂದರೆ ಬೋಗಿಯನ್ನೇ ಬದಲಿಸುವುದು. 2023ರ ಡಿಸೆಂಬರ್ 30ರಂದು ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್‌ನಲ್ಲಿ ರೈಲು ನಿಂತೊಡನೆ ಬಾಗಿಲ ಕೆಳಗಿಂದ ಮೆಟ್ಟಿಲೊಂದು ತಾನಾಗಿ ಹೊರಚಾಚಿ ಸಂದಿಯನ್ನು ಮುಚ್ಚುತ್ತದೆ. ಆ ರೈಲಿಗೆ ಆಗ ನಡುವೆ ಉಡುಪಿ, ಕಾರವಾರಗಳಲ್ಲಷ್ಟೇ ನಿಲುಗಡೆ ಇತ್ತು.

ಎತ್ತರದ ಪ್ಲಾಟ್‌ಫಾರ್ಮೋ ಅಂಥ ಬೋಗಿಯೋ ನಮ್ಮ ಸ್ಟೇಷನ್ನುಗಳಿಗೂ ಬರುವವರೆಗೆ ನಮ್ಮ ಕೈಯಲ್ಲಿರುವುದಿಷ್ಟು. ಹಿಂದಿನ ಸ್ಟೇಷನ್ ದಾಟಿದ ಕೂಡಲೇ ಸಾಮಾನು ಹೊಂದಿಸಿಕೊಂಡು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಕೇಳಿ ತಿಳಿದುಕೊಳ್ಳಿ. ಮೊದಲು ಗಟ್ಟಿ ಕಾಲಿನವರೊಬ್ಬರು ಇಳಿಯಲಿ, ಆಮೇಲೆ ಚೀಲ, ನಂತರ ಅಜ್ಜಿ. ತಗ್ಗಿನ ಪ್ಲಾಟ್‌ಫಾರ್ಮಾದರೆ ಅಟ್ಟದ ಏಣಿ ಇಳಿಯುವಂತೆ ಬೋಗಿಯತ್ತ ಮುಖಮಾಡಿ, ಎರಡೂ ಬದಿಯ ಹಿಡಿಕೆ ಹಿಡಿದು ಇಳಿಯಬೇಕು. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಕಬ್ಬಿಣದ ಮೆಟ್ಟಿಲ ಮೇಲೆ ಜಾರುತ್ತದೆ, ಸೆರಗು ಹಿಡಿಕೆಗೆ ಸಿಕ್ಕುತ್ತದೆ. ಎರಡನ್ನೂ ಮೊದಲೇ ನೋಡಿಕೊಳ್ಳಿ. ಅಷ್ಟರಲ್ಲಿ ರೈಲು ಹೊರಟುಬಿಟ್ಟರೆ ಇಳಿಯಬೇಡಿ, ಮುಂದಿನ ಸ್ಟೇಷನ್ನಿಗೆ ಹೋಗಿ ಹಿಂದಿರುಗಿ. ಎತ್ತರದ ತೊಂದರೆಯನ್ನು ರೈಲ್ವೆ ಸಹಾಯವಾಣಿ 139ಕ್ಕೆ ತಿಳಿಸುವಾಗ ಸ್ಟೇಷನ್, ಪ್ಲಾಟ್‌ಫಾರ್ಮ್ ಸಂಖ್ಯೆ, ರೈಲು, ಬೋಗಿ ಎಲ್ಲವನ್ನೂ ಹೇಳಿ.