ಮೈ ಇಳಿಸುವ ಲೆಕ್ಕ

ಯುಗಾದಿಗೆ ಹೊಲಿಸಿದ ರವಿಕೆ ದೀಪಾವಳಿಯ ಹೊತ್ತಿಗೆ ಬಿಗಿಯಾದರೆ ನಾವು ಮೊದಲು ದೂರುವುದು ದರ್ಜಿಯನ್ನು. ಆಮೇಲೆ ಒಂದು ಬೆಳಗ್ಗೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುವಾಗ ಉಸಿರು ಕಟ್ಟುತ್ತದೆ, ತಪ್ಪು ಯಾರದೆಂಬುದು ಹೊಳೆಯುತ್ತದೆ. ಅಂದೇ ಒಂದು ಸಂಕಲ್ಪ: ನಾಳೆಯಿಂದ ಐದು ಗಂಟೆಗೆ ಏಳುವುದು, ಐದು ಮೈಲಿ ನಡೆಯುವುದು, ರಾತ್ರಿ ಊಟ ಬಿಡುವುದು. ಇಂಥ ಸಂಕಲ್ಪದ ಆಯುಸ್ಸು ಸಾಮಾನ್ಯವಾಗಿ ಒಂಬತ್ತು ದಿನ. ಹತ್ತನೆಯ ದಿನ ಮನೆಗೆ ನೆಂಟರು ಬರುತ್ತಾರೆ.

ಸಂಕಲ್ಪ ಮುರಿದವರು ತಮ್ಮ ಮನೋದೌರ್ಬಲ್ಯವನ್ನು ಹಳಿದುಕೊಳ್ಳುವುದುಂಟು. ಆದರೆ ಬಹಳ ಮಂದಿಯ ವಿಷಯದಲ್ಲಿ ತಪ್ಪಿರುವುದು ಮನಸ್ಸಿಗಿಂತ ಹೆಚ್ಚಾಗಿ ಲೆಕ್ಕ. ನಡೆದು ಕರಗಿಸಬಹುದಾದುದು ಎಷ್ಟು, ತಟ್ಟೆಯಲ್ಲೇ ತಡೆಯಬಹುದಾದುದು ಎಷ್ಟು ಎಂಬುದು ಅವರಿಗೆ ಮೊದಲೇ ತಿಳಿದಿರುವುದಿಲ್ಲ.

ಇದಕ್ಕೆ ಹಳೆಯ ಉದಾಹರಣೆಯೊಂದುಂಟು. ಕಳೆದ ಶತಮಾನಕ್ಕೂ ಹಿಂದೆ ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬಾತನಿದ್ದ. ಶವಸಂಸ್ಕಾರದ ಏರ್ಪಾಡು ಆತನ ಮನೆತನದ ಕಸಬು. ಎತ್ತರ ಐದಡಿ ಐದಂಗುಲ. ತೂಕ 202 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೋ. ಮಹಡಿಯಿಂದ ಇಳಿಯುವಾಗ ಮೆಟ್ಟಿಲಿಗೆ ಬೆನ್ನುಮಾಡಿ ಇಳಿಯಬೇಕಾಗುತ್ತಿತ್ತಂತೆ. ವೈದ್ಯರೊಬ್ಬರ ಮಾತಿನಂತೆ ಆತ ದಿನವೂ ಬೆಳಗ್ಗೆ ದೋಣಿಯ ಹುಟ್ಟು ಹಾಕತೊಡಗಿದ. ತೋಳಿಗೆ ಬಲ ಬಂತು. ಜೊತೆಗೆ ಭಯಂಕರವಾದ ಹಸಿವೂ ಬಂತು. ತೂಕ ಮತ್ತಷ್ಟು ಏರಿತು. ಕೊನೆಗೆ 1862ರಲ್ಲಿ, ಕಿವಿ ಮಂದವಾಯಿತೆಂದು ಕಾಣಲು ಹೋದ ವಿಲಿಯಂ ಹಾರ್ವೆ ಎಂಬ ಶಸ್ತ್ರವೈದ್ಯರು, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದರು. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಆ ಸಂತೋಷಕ್ಕೆ ಆತ 1863ರಲ್ಲಿ ಒಂದು ಪುಸ್ತಿಕೆಯನ್ನೇ ಅಚ್ಚುಹಾಕಿಸಿದ. ಆತನ ಊಟದ ಪಟ್ಟಿಯನ್ನು ನಾವು ಅನುಸರಿಸಬೇಕಾಗಿಲ್ಲ. ಮಾಂಸವೂ ಮದ್ಯವೂ ಅದರಲ್ಲಿ ಧಾರಾಳವಾಗಿದ್ದವು. ಹುಟ್ಟು ಹಾಕಿದ ಕಥೆಯನ್ನು ಮಾತ್ರ ನೆನಪಿಡೋಣ.

ಈಗ ನಮ್ಮ ಮನೆಯ ಕಾಫಿಗೆ ಬರೋಣ. ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುವುದು ರೂಢಿ. ಒಂದು ಟೀ ಚಮಚ ಸಕ್ಕರೆಯೆಂದರೆ ಸುಮಾರು 20 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ 160 ಆಯಿತು. ಅರವತ್ತು ಕಿಲೋ ತೂಗುವವರು ಅರ್ಧ ಗಂಟೆ ಚುರುಕಾಗಿ ನಡೆದರೆ ವ್ಯಯವಾಗುವುದು ಹೆಚ್ಚುಕಡಮೆ 120 ರಿಂದ 150. ಬೆಳಗಿನ ನಡಿಗೆಯನ್ನೆಲ್ಲ ಕಾಫಿಯ ಸಕ್ಕರೆಯೇ ನುಂಗಿಹಾಕಿತು! ನಡಿಗೆ ಮುಗಿಸಿ, ಗೆಳೆಯರೊಡನೆ ಹೋಟೆಲಿನಲ್ಲಿ ಕುಳಿತು ಮಸಾಲೆ ದೋಸೆ ತಿನ್ನುವವರ ಗತಿಯನ್ನು ಹೇಳಬೇಕಾಗಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಬರಿಯ ಕಾಫಿಯ ಸಕ್ಕರೆ ಬಿಟ್ಟರೆ ಏಳು ವಾರಕ್ಕೆ ಒಂದು ಕಿಲೋ ಎಂದು ಕಾಗದದ ಮೇಲಿನ ಲೆಕ್ಕ. ಮೈ ಇಳಿದಂತೆಲ್ಲ ಅದರ ಖರ್ಚೂ ಇಳಿಯುವುದರಿಂದ ವಾಸ್ತವದಲ್ಲಿ ಅಷ್ಟು ಸಿಕ್ಕದು. ಆದರೂ ಸಿಕ್ಕಷ್ಟು ಲಾಭವೇ.

ಇನ್ನು ಚಪಾತಿ. ರಾತ್ರಿ ಅನ್ನ ಬಿಟ್ಟು ಚಪಾತಿ ತಿಂದರೆ ಮೈ ಇಳಿಯುತ್ತದೆಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ. ಗೋಧಿಹಿಟ್ಟಿನಲ್ಲಿಯೂ ರಾಗಿಯಲ್ಲಿಯೂ ಸುಮಾರು 320. ವ್ಯತ್ಯಾಸ ಇಷ್ಟೇ. ಒಂದೊಂದು ಚಪಾತಿಗೆ ಒಂದೊಂದು ಚಮಚ ಎಣ್ಣೆ ಸವರಿದರೆ ತಲಾ 40 ಸೇರಿ, ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ರಾಗಿಯ ಹೆಚ್ಚಳವಿರುವುದು ನಾರಿನಲ್ಲಿ. ಪಾಲಿಷ್ ಅಕ್ಕಿಯ ನಾಲ್ಕರಷ್ಟು ನಾರು ಅದರಲ್ಲಿದೆ. ಮುದ್ದೆ ಉಂಡವರಿಗೆ ಬೇಗ ಹಸಿವಾಗದು ಎಂಬ ಮಾತಿಗೆ ಇದೂ ಒಂದು ಆಧಾರ. ಆದರೆ ಎರಡು ಮುದ್ದೆಯ ಮೇಲೆ ಅನ್ನವನ್ನೂ ಉಂಡರೆ ರಾಗಿ ತಾನೇ ಏನು ಮಾಡೀತು?

ಆದ್ದರಿಂದ ಧಾನ್ಯ ಬದಲಿಸುವುದಕ್ಕಿಂತ ತಟ್ಟೆಯ ಪಾಲು ಬದಲಿಸುವುದು ಸುಲಭ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಅನ್ನವೋ ಮುದ್ದೆಯೋ. ಉಳಿದ ಕಾಲು ಭಾಗ ಕಾಳು, ಗಟ್ಟಿ ಬೇಳೆ, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು. ಮೇಲೆ ಒಂದು ಲೋಟ ತಿಳಿ ಮಜ್ಜಿಗೆ. ಹುರುಳಿ, ಹೆಸರು, ಅವರೆ, ಅಲಸಂದೆಗಳ ನಾಡಿನಲ್ಲಿ ಇದಕ್ಕೆ ಪೇಟೆಯ ಡಬ್ಬದ ಪುಡಿಗಳು ಬೇಕಾಗಿಲ್ಲ. ಎಣ್ಣೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಮಾಡಿದ ಉಪಾಯ ಒಂದೇ: ತಿಂಗಳ ಎಣ್ಣೆಯನ್ನು ಮೊದಲ ದಿನವೇ ಅಳೆದು ಬೇರೆ ಇಡುವುದು, ಒಗ್ಗರಣೆಗೆ ಕೈಯಳತೆ ಬಿಟ್ಟು ಚಮಚದಳತೆ ಹಿಡಿಯುವುದು. ಮೊದಲ ತಿಂಗಳು ಇಪ್ಪತ್ತೆರಡನೆಯ ತಾರೀಖಿಗೇ ಡಬ್ಬ ಬರಿದಾಯಿತು. ಎಷ್ಟು ಸುರಿಯುತ್ತಿದ್ದೆವೆಂಬುದು ಆಗ ಗೊತ್ತಾಯಿತು.

ಗೃಹಿಣಿಯರ ಕಷ್ಟ ಬೇರೆಯೇ. ಮಕ್ಕಳು ಬಿಟ್ಟ ಎರಡು ತುತ್ತು ದಂಡವಾಗಬಾರದೆಂದು ತಾಯಿ ತಿನ್ನುತ್ತಾಳೆ. ಪಾತ್ರೆಯ ತಳದಲ್ಲಿ ಉಳಿದ ಪಾಯಸವೂ ಅವಳ ಪಾಲಿಗೇ. ಮನೆಮಂದಿಗೆಲ್ಲ ಬೋಂಡ ಕರಿದು ತಾನೊಬ್ಬಳೇ ಸೌತೆಕಾಯಿ ತಿನ್ನಬೇಕೆಂದರೆ ಆ ಪಥ್ಯ ಎಷ್ಟು ದಿನ ನಡೆದೀತು? ಅಡುಗೆ ಬದಲಾಗುವುದಾದರೆ ಎಲ್ಲರ ತಟ್ಟೆಯಲ್ಲೂ ಬದಲಾಗಬೇಕು. ಇದನ್ನು ಯಜಮಾನರು ಮೊದಲು ಒಪ್ಪತಕ್ಕದ್ದು. ಏಕಾದಶಿಯ ಉಪವಾಸದ ಹೆಸರಿನಲ್ಲಿ ಸಬ್ಬಕ್ಕಿ ವಡೆ ಕರಿಯುವ ಪದ್ಧತಿಯನ್ನೂ ಅವರೇ ಸ್ವಲ್ಪ ಯೋಚಿಸಲಿ.

ಹಾಗಾದರೆ ವ್ಯಾಯಾಮ ವ್ಯರ್ಥವೇ? ಖಂಡಿತ ಅಲ್ಲ. ಬರಿಯ ಪಥ್ಯದಿಂದ ಇಳಿದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಸವೆಯುತ್ತದೆ. ಅದನ್ನು ಉಳಿಸುವುದು ಅಂಗಸಾಧನೆ. ಇಳಿದ ತೂಕ ಮರಳಿ ಏರದಂತೆ ಕಾಯುವುದರಲ್ಲಿಯೂ ಅದರ ಪಾತ್ರ ದೊಡ್ಡದು. ಇದಕ್ಕೆ ಗರಡಿಮನೆಯೇ ಬೇಕೆಂದಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಬೆಂಗಳೂರಿನ ಕೆ. ವಿ. ಅಯ್ಯರ್ ಹೆಸರಾಂತ ವ್ಯಾಯಾಮಪಟುವೂ ಆಗಿದ್ದರು. ಅಂಚೆಯ ಮೂಲಕವೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಅಂದಿನ ಶಿಷ್ಯರು ಅವರವರ ಮನೆಯ ನಡುಮನೆಯಲ್ಲೇ ಸಾಧನೆ ಮಾಡಿದರು.

ನಲವತ್ತು ದಾಟಿ ಹೊಸದಾಗಿ ತೊಡಗುವವರು ಹೀಗೆ ಆರಂಭಿಸಬಹುದು. ಮೊದಲ ವಾರ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನಡಿಗೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು; ವೇಗ ಅಷ್ಟಿದ್ದರೆ ಸಾಕು. ವಾರಕ್ಕೆ ಮೂರು ದಿನ, ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎಂಟು ಹತ್ತು ಸಲ ಎದ್ದು ಕೂರುವುದು. ಗೋಡೆಗೆ ಅಂಗೈ ಒತ್ತಿ ನಿಂತು, ಮೊಣಕೈ ಮಡಿಸಿ ಬಾಗಿ ಮತ್ತೆ ಹಿಂದಕ್ಕೆ ತಳ್ಳುವುದು. ಮೈ ಒಗ್ಗಿದ ಮೇಲೆ ಸೂರ್ಯನಮಸ್ಕಾರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಮಿತಿ ವಾರಕ್ಕೆ ಕನಿಷ್ಠ 150 ನಿಮಿಷ. ಎರಡು ತಿಂಗಳಲ್ಲಿ ಅಲ್ಲಿಗೆ ತಲುಪಿದರೆ ಸಾಕು. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಊಟ ಕಡಮೆ ಮಾಡುವ ಮುನ್ನವೇ ವೈದ್ಯರನ್ನು ಕೇಳಬೇಕು. ಮಾತ್ರೆ ಹಳೆಯದೇ ಉಳಿದು ಊಟ ಮಾತ್ರ ಅರ್ಧವಾದರೆ ರಕ್ತದ ಸಕ್ಕರೆ ಕುಸಿದು ತಲೆತಿರುಗಿ ಬೀಳುವುದುಂಟು. ನಡೆಯುವಾಗ ಎದೆ ಬಿಗಿದರೆ ಅಲ್ಲಿಗೆ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ತಕ್ಕಡಿಯೊಂದನ್ನೇ ನಂಬಬೇಡಿ. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ಯುಡ್ಕಿನ್ನರೂ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರಲ್ಲಿ 21.2! ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಕೂಡಿಡುವುದು ಭಾರತೀಯರ ಮೈಯ ಗುಣ. ಆದ್ದರಿಂದ ದರ್ಜಿಯ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಹೊಟ್ಟೆ ಎಳೆದುಕೊಂಡು ಅಳೆಯುವುದು ಆತ್ಮವಂಚನೆ.

ತಕ್ಕಡಿಯ ಮುಳ್ಳು ಅಲುಗದಿದ್ದರೂ ಕೈಬಿಡದಿರಲು ಇನ್ನೊಂದು ಕಾರಣವಿದೆ. ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರನ್ನು ಕುರಿತು ಚೆನ್ನೈಯಿಂದ ನಡೆದ ಪರಿಶೋಧನೆಯೊಂದರ ಫಲ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ, ವಿಶೇಷ ಸಲಹೆಯಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ರೋಗ ಹಿಡಿಯಿತು. ನಡಿಗೆಯನ್ನೂ ಪಥ್ಯವನ್ನೂ ಪಾಲಿಸಿದವರಲ್ಲಿ 39 ಮಂದಿಗೆ. ಆ 39ರ ಗುಂಪಿನ ತೂಕವೇನೂ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ. ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇದ್ದ ಮನೆಗಳಲ್ಲಿ ಈ ಅಂಕಿಗಳನ್ನು ಎರಡು ಸಲ ಓದಬೇಕು.

ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಆಸೆ ಬೇಡ. ಟೇಪಿನ ಅಳತೆಯನ್ನು ಪ್ರತಿ ತಿಂಗಳ ಮೊದಲ ತಾರೀಖು ಗೋಡೆಯ ಪಂಚಾಂಗದ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ನೆಂಟರು ಬಂದ ವಾರ ಹೋಳಿಗೆ ತಿಂದದ್ದಾದರೆ ತಿಂದದ್ದಾಯಿತು. ಮರುದಿನ ಕುರ್ಚಿ ಅಲ್ಲೇ ಇರುತ್ತದೆ.