ನಿಮಗಿದು ಗೊತ್ತೇ? ಕೋಲಾರದ ಸಾರ್ವಭೌಮ ಸಿನಿಮಾಕ್ಕೂ ಬರೆದರು!

ಹೆಸರಿನಲ್ಲಿ ಅರಕಲಗೂಡು, ಹುಟ್ಟಿದ್ದು ಕೋಲಾರ! ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಅಂದರೆ ನಮ್ಮ ಅ.ನ.ಕೃ. ಕಣ್ಣು ಬಿಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. ಅರಕಲಗೂಡು ಇರುವ ಹಾಸನದವರು ಅಂದುಕೊಂಡಿದ್ದಿರಾ?

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆಕಂಡಿದ್ದು 1934ರಲ್ಲಿ. ಅ.ನ.ಕೃ. ಅವರ ಮೊದಲ ಕಾದಂಬರಿ ‘ಜೀವನಯಾತ್ರೆ’ ಬಂದಿದ್ದೂ ಅದೇ ವರ್ಷ!

ಎಂಟು ವರ್ಷದಲ್ಲಿ ಕಾದಂಬರಿಕಾರರು ಸಿನಿಮಾಕ್ಕೇ ಬರೆದರು. 1942ರ ‘ಜೀವನ ನಾಟಕ’. ದುಡ್ಡು ಹಾಕಿದವರು ಗುಬ್ಬಿ ವೀರಣ್ಣ. ನಿರ್ದೇಶಕರು ವಹಾಬ್ ಕಾಶ್ಮೀರಿ! ನಾಯಕಿ, ಶಾಂತಾರಾಮರ ‘ಮಾಣೂಸ್’ ಚಿತ್ರದಿಂದ ಮನೆಮಾತಾಗಿದ್ದ ಶಾಂತಾ ಹುಬ್ಳೀಕರ್. ನಾಯಕ ಯಾರು ಹೇಳಿ? ಕೆಂಪರಾಜ ಅರಸು. ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸರ ತಮ್ಮ!

ಬರೆದ ಕಾದಂಬರಿ ಎಷ್ಟು? ನೂರಕ್ಕೂ ಹೆಚ್ಚು! ಬದುಕಿದ್ದು ಮಾತ್ರ 63 ವರ್ಷ. ಜನ ‘ಕಾದಂಬರಿ ಸಾರ್ವಭೌಮ’ ಅಂದಿದ್ದು ಸುಮ್ಮನೆ ಅಲ್ಲ ಬಿಡಿ.

ಸಾರ್ವಭೌಮ ಅಂದಾಗ ನೆನಪಾಯಿತು. ರಂಗನಟನ ಬಾಳನ್ನು ಕುರಿತು ಅವರು ಬರೆದ ಕಾದಂಬರಿಯ ಹೆಸರು ‘ನಟಸಾರ್ವಭೌಮ’. ಮುಂದೆ ಅದೇ ರಾಜ್‌ಕುಮಾರ್ ಅವರ ಬಿರುದಾಯಿತು. 2019ರಲ್ಲಿ ಪುನೀತ್ ಚಿತ್ರದ ಹೆಸರೂ ಆಯಿತು!

‘ನಗ್ನಸತ್ಯ’ದಲ್ಲಿ ವೇಶ್ಯೆಯರ ಬದುಕನ್ನು ಬಿಚ್ಚಿಟ್ಟರು. ಅಶ್ಲೀಲ ಅಂತ ಕೂಗೆದ್ದಿತು. ಅ.ನ.ಕೃ. ಸುಮ್ಮನಿದ್ದರೇ? ಉತ್ತರಕ್ಕೆಂದೇ ಇನ್ನೊಂದು ಪುಸ್ತಕ ಬರೆದರು: ‘ಸಾಹಿತ್ಯ ಮತ್ತು ಕಾಮಪ್ರಚೋದನೆ’! ಬೈದವರಿಗೂ ಓದಲು ಇನ್ನೊಂದು ಪುಸ್ತಕ ಸಿಕ್ಕಿತು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರು.

ಸಂಗೀತಗಾರನ ಕಥೆ ‘ಸಂಧ್ಯಾರಾಗ’ 1966ರಲ್ಲಿ ಸಿನಿಮಾ ಆಯಿತು. ನಾಯಕ ರಾಜ್‌ಕುಮಾರ್. ಹಾಡಿದವರು? ಭೀಮಸೇನ ಜೋಶಿ, ಬಾಲಮುರಳಿಕೃಷ್ಣ! ಹಿಂದೂಸ್ತಾನಿ, ಕರ್ನಾಟಕ ಎರಡೂ ಒಂದೇ ಚಿತ್ರದಲ್ಲಿ!

ಇನ್ನು ಕೋಲಾರದ ಪಕ್ಕದ ಮಾಲೂರಿಗೆ ಬನ್ನಿ. ಅಲ್ಲಿನ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ತೆರೆಗೆ ತಂದರು. ಅದಿರಲಿ, ಇದನ್ನು ಕೇಳಿ: ಮಾಸ್ತಿ ಹುಟ್ಟಿದ್ದು 1891ರ ಜೂನ್ 6. ತೀರಿಕೊಂಡಿದ್ದು 1986ರ ಜೂನ್ 6. ಸರಿಯಾಗಿ 95 ವರ್ಷ!

ಮುಳಬಾಗಿಲು ಕಡೆಯ ಹುಡುಗಿ ಸೌಂದರ್ಯ ಗೊತ್ತಲ್ಲ? ತಂದೆ ಸತ್ಯನಾರಾಯಣ ಸಿನಿಮಾಕ್ಕೆ ಬರೆಯುತ್ತಿದ್ದವರು. ತೆಲುಗಿನಲ್ಲಿ ದೊಡ್ಡ ತಾರೆಯಾದ ಮಗಳು ತಾನೇ ದುಡ್ಡು ಹಾಕಿದ್ದು ಯಾವುದಕ್ಕೆ? ನಾ. ಡಿಸೋಜರ ಕಾದಂಬರಿ ಆಧರಿಸಿದ ‘ದ್ವೀಪ’ಕ್ಕೆ! ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಆ ಚಿತ್ರಕ್ಕೆ ಸ್ವರ್ಣಕಮಲವೇ ಬಂತು!